ಪಾಕೆಟ್ಟಿನ ಬಲದಂಚು

ಎಸ್.ಎಸ್. ಪುರಂನಲ್ಲಿ ಬೇಕರಿಯ ಮೇಲಿನ ಮಹಡಿಯಲ್ಲಿ ನನ್ನ ಪೂಲ್ ಪಾರ್ಲರ್ ಇದೆ. ಹೆಸರು ಗೋವಿಂದರಾಜು, ಬರುವವರೆಲ್ಲ ರಾಜಣ್ಣ ಅನ್ನುತ್ತಾರೆ. ಬಾಲು ಟೇಬಲ್ಲಂಚಿನ ತೂತಿಗೆ, ಅಂದರೆ ಪಾಕೆಟ್ಟಿಗೆ, ಬೀಳದಿದ್ದರೆ ನನ್ನ ಟೇಬಲ್ಲೇ ಸೊಟ್ಟ ಅನ್ನುವವರು, ಬಿದ್ದರೆ ಎದೆಯುಬ್ಬಿಸಿ ಸುತ್ತ ನೋಡುವವರು, ಇಂಥವರನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಪ್ರದ್ಯುಮ್ನ ಮಾತ್ರ ಬೇರೆ ಥರದ ಮನುಷ್ಯ.

ಅವನಿಗೆ ನಲವತ್ತು ದಾಟಿದೆ. ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವ ಕೆಲಸ. ನಿಟ್ಟೂರಿನಲ್ಲಿ ಬಾಡಿಗೆ ಮನೆ, ಒಬ್ಬನೇ. ಮದುವೆಯ ಮಾತು ಬಂದು ಬಂದು ನಿಂತುಹೋಗಿತ್ತು. ಭಾನುವಾರ ಬೆಳಿಗ್ಗೆ ರೈಲಿನಲ್ಲಿ ಬಂದು, ತನಗೆ ತಾನೇ ಎದುರಾಳಿಯಾಗಿ ಆಡಿ ಹೋಗುತ್ತಿದ್ದ. ಅವನ ಬಾಲು ತಪ್ಪಿದ್ದನ್ನು ನಾನು ನೋಡಿದ್ದು ಅಪರೂಪ.

"ವಾರದಲ್ಲಿ ಒಂದಿನ ಆದ್ರೂ ಬಾಯಿ ಬಿಡ್ಬೇಕಲ್ಲ ರಾಜಣ್ಣ, ಅದಕ್ಕೇ ಬರ್ತೀನಿ" ಅಂದಿದ್ದ ಒಮ್ಮೆ. ಬಂದ ಮೇಲೂ ಅವನ ಮಾತು ಅಷ್ಟಕ್ಕಷ್ಟೇ.

ರೂಪಶ್ರೀ ಬಂದದ್ದು ಹೋದ ವರ್ಷ ದೀಪಾವಳಿ ಕಳೆದ ಮೇಲೆ. ಕುಣಿಗಲ್ ಕಡೆಯವಳು, ಇಲ್ಲೇ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಟೆಕ್ನಿಷಿಯನ್. ಜೊತೆಗೆ ಬಂದ ಗೆಳತಿಯರು ನಾಲ್ಕು ಫೋಟೋ ತೆಗೆಸಿಕೊಂಡು ಕೈಬಿಟ್ಟರು, ಇವಳು ಬಿಡಲಿಲ್ಲ. ಸ್ಟಿಕ್ ಹಿಡಿದರೆ ಮಾತ್ರ ಅಂಗಳ ಗುಡಿಸಲು ಹೊರಟವಳ ಹಾಗೆ ಕಾಣುತ್ತಿದ್ದಳು. ಪಕ್ಕದ ಟೇಬಲ್ಲಿನಿಂದ ನೋಡಿ ನೋಡಿ ತಡೆಯಲಾರದೆ ಪ್ರದ್ಯುಮ್ನ ಎದ್ದು ಬಂದ.

"ಪಾಕೆಟ್ಟಿಗೆ ಹಾಕ್ಬೇಕಾದ ಬಾಲನ್ನ ನೋಡ್ಬೇಡಿ. ಅದರ ಹಿಂದೆ, ಪಾಕೆಟ್ಟಿನ ನೇರಕ್ಕೆ, ಇನ್ನೊಂದು ಬಾಲು ಅಂಟ್ಕೊಂಡಿದೆ ಅಂದ್ಕೊಳ್ಳಿ. ನೀವು ಸ್ಟಿಕ್ಕಲ್ಲಿ ಹೊಡೆಯೋ ಬಿಳಿ ಬಾಲು ಹೋಗಿ ಆ ಜಾಗದಲ್ಲಿ ಕೂರ್ಬೇಕು, ಅಷ್ಟೇ."

"ಇಲ್ದೇ ಇರೋ ಬಾಲನ್ನ ಹೆಂಗ್ ಸಾರ್ ನೋಡೋದು?"

"ಅಭ್ಯಾಸ ಆಗುತ್ತೆ."

ಪಾಕೆಟ್ಟಿನ ಬಾಯಿ ಸುಮಾರು ಎರಡು ಬಾಲಿನಗಲ. ಬಾಲು ಅದರ ಹತ್ತಿರವೇ ಇದ್ದರೆ ಸ್ವಲ್ಪ ಸೊಟ್ಟ ಹೊಡೆದರೂ ನುಂಗಿಕೊಳ್ಳುತ್ತದೆ. ದೂರವಿದ್ದರೆ ಕೂದಲೆಳೆಯಷ್ಟು ತಪ್ಪಿದರೂ ಅಂಚಿಗೆ ಬಡಿದು ವಾಪಸ್. ಇಷ್ಟನ್ನು ಹೇಳಲು ಅವನು ಇಡೀ ಬೆಳಿಗ್ಗೆ ತೆಗೆದುಕೊಂಡ. ಅವನೊಳಗೆ ಅಷ್ಟು ಮಾತಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

ನಮ್ಮಲ್ಲಿ ಸೋತವರು ಕೆಳಗಿನ ಬೇಕರಿಯಿಂದ ಕಾಫಿ ತರಬೇಕು. ತಂದು ತಂದು ರೂಪಶ್ರೀಗೆ ಒಂದು ದಿನ ರೇಗಿಹೋಯಿತು. "ನನ್ ಕೈಲಿ ಇದು ಆಗಲ್ಲ ಸಾರ್, ಬಿಟ್ಬಿಡ್ತೀನಿ" ಅಂದಳು. ಪ್ರದ್ಯುಮ್ನನ ಮುಖ ಸಪ್ಪಗಾಯಿತು. ಮುಂದಿನ ಆಟದಲ್ಲಿ, ಕಣ್ಣು ಮುಚ್ಚಿ ಹಾಕಬಲ್ಲ ಬಾಲೊಂದನ್ನು ತಪ್ಪಿಸಿದ. ಅದು ಪಾಕೆಟ್ಟಿನ ಬಲದಂಚಿಗೆ ಬಡಿದು ಹಿಂದಕ್ಕೆ ಬಂತು. ಅವಳು ಗೆದ್ದಳು. ಕಾಫಿ ತರಲು ಅವನು ಎರಡೆರಡು ಮೆಟ್ಟಿಲು ಹಾರಿ ಇಳಿದ.

ಆಮೇಲೆ ವಾರ ವಾರವೂ ಇದೇ ಕಥೆ. ಅವಳು ಚೆನ್ನಾಗಿಯೇ ಕಲಿತಳು, ಇಲ್ಲವೆನ್ನಬಾರದು. ಆದರೆ ಅವನನ್ನು ಸೋಲಿಸುವಷ್ಟಲ್ಲ. ಅವನಿಗಿದ್ದದ್ದು ಪ್ರೀತಿಯೋ ಏನೋ ನನಗೆ ತಿಳಿಯದು. ನನಗೆ ಕಂಡದ್ದು, ಭಾನುವಾರ ಮತ್ತೆ ಖಾಲಿಯಾದೀತು ಎಂಬ ಭಯ. ಅದು ಗೊತ್ತಿದ್ದೇ ನಾನೂ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಅಷ್ಟರಲ್ಲಿ ಅವಳು ಬೆಂಗಳೂರಿನಲ್ಲಿ ಹೆಂಗಸರ ಪಂದ್ಯವೊಂದಕ್ಕೆ ಹೆಸರು ಕೊಟ್ಟಳು. "ನಿಮ್ಮನ್ನೇ ಸೋಲಿಸ್ತೀನಿ, ಅಲ್ಲಿ ಯಾರಿಗ್ ಹೆದರ್ಲಿ ಸಾರ್?" ಅಂದಳು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? ಪ್ರದ್ಯುಮ್ನ ಬಾಯಿ ತೆರೆದ, ಸ್ಟಿಕ್ಕಿನ ತುದಿಗೆ ಚಾಕ್ ಉಜ್ಜಿದ, "ಆಲ್ ದಿ ಬೆಸ್ಟ್" ಅಂದ. ಎದ್ದು ಹೋಗಿ ತಲೆಗೊಂದು ಮೊಟಕೋಣ ಅನ್ನಿಸಿತು ನನಗೆ.

ಅವಳು ಮೊದಲ ಸುತ್ತಿನಲ್ಲೇ ಸೋತಳು. ಒಂದು ಆಟವನ್ನೂ ಗೆಲ್ಲಲಿಲ್ಲವಂತೆ. ಮುಂದಿನ ಭಾನುವಾರ ಬಂದವಳು ಸ್ಟಿಕ್ ಮುಟ್ಟದೆ ಅವನೆದುರು ನಿಂತಳು.

"ನಮ್ ಲ್ಯಾಬಲ್ಲಿ ಒಂದೇ ರಕ್ತಾನ ಮೂರು ಸಲ ಮಿಷನ್ನಿಗೆ ಹಾಕಿದ್ರೂ ನಂಬರ್ ಸ್ವಲ್ಪ ಆಚೀಚೆ ಬರುತ್ತೆ ಸಾರ್. ಯಾವಾಗ್ಲೂ ಒಂದೇ ಬಂತು ಅಂದ್ರೆ, ಯಾರೋ ಮಿಷನ್ನಿಗೆ ಹಾಕ್ದೇನೇ ಬರ್ದಿದಾರೆ ಅಂತ ಅರ್ಥ. ನನ್ ಬಾಲು ತಪ್ಪಿದ್ರೆ ಎಲ್ಲೆಲ್ಲೋ ಹೋಗುತ್ತೆ. ನಿಮ್ದು ತಪ್ಪಿದಾಗೆಲ್ಲ ಬಲಗಡೆ ಅಂಚಿಗೇ ಬಡಿಯುತ್ತೆ, ಯಾವ ಪಾಕೆಟ್ ಆದ್ರೂ ಸರಿ. ಬೆಂಗ್ಳೂರಿಂದ ಬರೋವಾಗ ಬಸ್ಸಲ್ಲಿ ಕೂತು ಒಂದೊಂದೇ ನೆನಪು ಮಾಡ್ಕೊಂಡೆ."

ಬೇರೆ ಯಾರಾದರೂ ಆಗಿದ್ದರೆ ಎತ್ತೆತ್ತಲೋ ಹೊಡೆದು ತಪ್ಪಿಸಿ ಬಚಾವಾಗುತ್ತಿದ್ದರು. ಈ ಪುಣ್ಯಾತ್ಮನಿಗೆ ತಪ್ಪು ಮಾಡುವಾಗಲೂ ಅಳತೆ ಬಿಡಲು ಬರಲಿಲ್ಲ.

"ನೀವು ಬರೋದು ನಿಲ್ಸಿಬಿಡ್ತೀರೇನೋ ಅಂತ..." ಅಂದ.

"ಬಿಟ್ಬಿಡ್ತೀನಿ ಅಂತ ಎಲ್ರೂ ಅಂತಾರೆ ಸಾರ್. ಒಂದ್ ಮಾತು ಬೈದಿದ್ರೆ ಬರ್ತಿದ್ದೆ. ಸೋತ್ಕೊಂಡೇ ಬರ್ತಿದ್ದೆ." ಅವಳ ಕಣ್ಣು ತುಂಬಿತ್ತು. ಸ್ಟಿಕ್ ಕೈಗೆತ್ತಿಕೊಂಡು, "ಈಗ ಒಂದಾಟ ನಿಜವಾಗಿ ಆಡಿ. ನೋಡೋಣ" ಅಂದಳು.

ಪ್ರದ್ಯುಮ್ನ ಆಡಿದ. ಒಂದಾದ ಮೇಲೊಂದು ಅವನ ಬಾಲುಗಳೆಲ್ಲ ಒಳಗೆ ಹೋದವು. ಅವಳು ಸೋಲುತ್ತಾ ಹೋದ ಹಾಗೆಲ್ಲ ಅವಳ ಮುಖ ತಿಳಿಯಾಗುತ್ತಾ ಬಂತು. ಬಾಲಿನ ಅಂಚಿಗಷ್ಟೇ ತಾಗಿಸಿ ಓರೆಯಾಗಿ ಹೊಡೆದ ಒಂದು ಕಟ್ ಶಾಟಿಗೆ "ಅಬ್ಬಾ" ಅಂತಲೂ ಅಂದಳು. ಕೊನೆಗೆ ಕರಿ ಬಾಲೊಂದು ಉಳಿಯಿತು. ಅದು ಬಿದ್ದರೆ ಆಟ ಮುಗಿಯಿತು, ಮುಂದಿನ ಭಾನುವಾರವೂ ಉಳಿಯಿತು. ಸುಲಭದ ಬಾಲು. ಬೇರೆ ದಿನವಾಗಿದ್ದರೆ ನನ್ನ ಜೊತೆ ಮಾತಾಡುತ್ತಲೇ ಹಾಕುತ್ತಿದ್ದ. ಅಂದು ಬಗ್ಗಿದವನು ಏಳಲೇ ಇಲ್ಲ. ಮತ್ತೆ ಮತ್ತೆ ಗುರಿ ಸರಿಮಾಡಿಕೊಳ್ಳುತ್ತಿದ್ದುದು ನನಗೆ ಕೌಂಟರಿನಿಂದ ಕಾಣುತ್ತಿತ್ತು.

ಹೊಡೆದ. ತಿಂಗಳುಗಟ್ಟಲೆ ತಪ್ಪಿಸುವುದನ್ನೇ ರೂಢಿ ಮಾಡಿಕೊಂಡ ಕೈ, ತನಗೆ ಗೊತ್ತಿದ್ದ ಜಾಗಕ್ಕೇ ಹೋಯಿತು. ಕರಿ ಬಾಲು ಬಲದಂಚಿಗೆ ಬಡಿದು ವಾಪಸ್ ಬಂತು.

ರೂಪಶ್ರೀ ತನ್ನ ಸ್ಟಿಕ್ಕನ್ನು ಗೋಡೆಗೆ ಒರಗಿಸಿದಳು. "ಆಯ್ತು ಸಾರ್" ಅಂದಳು. ಸಿಟ್ಟೂ ಇರಲಿಲ್ಲ ಆ ದನಿಯಲ್ಲಿ.

"ಇಲ್ಲ ಮೇಡಂ, ಇದು ನಿಜವಾಗ್ಲೂ ತಪ್ಪಿದ್ದು. ನಾನು ನೋಡ್ದೆ" ಅಂದೆ ನಾನು.

"ನೀವ್ ಇಷ್ಟು ದಿನಾನೂ ನೋಡ್ತಾನೇ ಇದ್ರಲ್ಲ ರಾಜಣ್ಣ" ಅಂದು ಬ್ಯಾಗು ಹೆಗಲಿಗೇರಿಸಿ ಇಳಿದುಹೋದಳು.

ಪ್ರದ್ಯುಮ್ನ ಈಗಲೂ ಭಾನುವಾರ ಬರುತ್ತಾನೆ. ನಾನು ಎದುರು ನಿಂತು ಆಡುತ್ತೇನೆ ಅಂದರೆ ಬೇಡ ಅನ್ನುತ್ತಾನೆ. ಕರಿ ಬಾಲನ್ನು ಅದೇ ಜಾಗದಲ್ಲಿಟ್ಟು ಹೊಡೆಯುತ್ತಾನೆ. ಒಮ್ಮೊಮ್ಮೆ ಬೀಳುತ್ತದೆ. ಒಮ್ಮೊಮ್ಮೆ ತಪ್ಪುತ್ತದೆ, ಈಗೀಗ ಎಡಕ್ಕೂ ತಪ್ಪುತ್ತದೆ. ಹಾಗೆ ತಪ್ಪಿದಾಗ ತಲೆಯೆತ್ತಿ, ಯಾರಾದರೂ ನೋಡಿದರೇ ಅನ್ನುವಂತೆ, ಮೆಟ್ಟಿಲಿನ ಕಡೆ ನೋಡುತ್ತಾನೆ.