ತಡಿಕೆಯ ಗೋಡೆ

ಫ್ಯಾನಿನ ಗಾಳಿಗೆ ಪರದೆ ಒಮ್ಮೆ ಒಳಕ್ಕೆ ಉಬ್ಬುತ್ತದೆ, ಒಮ್ಮೆ ಹೊರಕ್ಕೆ, ಹಿಂದೆ ಯಾರೋ ನಿಂತು ಉಸಿರು ಬಿಡುತ್ತಿದ್ದಾರೆ ಅನ್ನಿಸುತ್ತದೆ, ಯಾರೂ ಇಲ್ಲ, ಬಂದ ತಕ್ಷಣ ಸರಿಸಿ ನೋಡಿದ್ದೇನೆ, ಹೊಸ ಕೋಣೆಗೆ ಕಾಲಿಟ್ಟರೆ ಮೊದಲು ಗೋಡೆ ನೋಡುವ ಚಟ ನನಗೆ, ಇದು ಇಟ್ಟಿಗೆ, ಮೇಲೆ ಗಾರೆ, ಗೆಣ್ಣಿನಿಂದ ಕುಟ್ಟಿದರೆ ನೋಯುವುದು ನನ್ನ ಗೆಣ್ಣೇ, ಇಂಥ ಗೋಡೆಯೊಳಗೆ ಕೂತವರಿಗೆ ಬಿದಿರಿನ ತಡಿಕೆಯ ಮೇಲೆ ಎಂಥ ಮಮತೆ — ಸಂಶೋಧಕಿ ಮೇಡಂ ನಕ್ಷೆಯ ಮೇಲೆ ಪೆನ್ಸಿಲ್ ಆಡಿಸುತ್ತಿದ್ದಾರೆ, ನೋಡಿ ಸಾರ್, ಇಟ್ಟಿಗೆ ಗೋಡೆ, ಕಬ್ಬಿಣದ ಬಾಗಿಲು, ಒಳಗಡೆ ಚಿಲಕ, ಇದೆಲ್ಲ ಬುಡಕಟ್ಟಿನ ಹೆಣ್ಣುಮಕ್ಕಳಿಗೆ ಜೈಲಿನ ಥರ ಆಗತ್ತೆ, ಅವ್ರು ಬಯಲಲ್ಲಿ ಬೆಳೆದವ್ರು, ಅವ್ರ ಮನೇಲಿ ಚಿಲಕಾನೇ ಇರಲ್ಲ, ತಡಿಕೆ ಕಟ್ಟಿಸೋಣ, ಅವ್ರ ಸಂಸ್ಕೃತೀನೂ ಉಳಿಯತ್ತೆ. ಹಣ ಮಂಜೂರು ಮಾಡುವ ಸಮಿತಿಯ ಅಧ್ಯಕ್ಷರು ತಲೆದೂಗುತ್ತಾರೆ, ಕೆಟ್ಟವರಲ್ಲ ಇಬ್ಬರೂ, ಮೇಡಂ ಆಗಲೇ ನನ್ನ ಲೋಟಕ್ಕೆ ಎರಡು ಸಲ ನೀರು ಬಗ್ಗಿಸಿದ್ದಾರೆ, ಗಂಡನ ಹೊಡೆತ ತಾಳಲಾರದೆ ನಮ್ಮ ಕಾಡಿನ ಹಾಡಿಗಳಿಂದ ಓಡಿಬರುವ ಹೆಂಗಸರಿಗೆ ಆರು ವರ್ಷದಿಂದ ನಾನು ನಡೆಸುತ್ತಿರುವ ಆಶ್ರಯಮನೆ, ಅದಕ್ಕೆ ಹೊಸ ಕಟ್ಟಡ ಕೊಡುವುದಂತೂ ತೀರ್ಮಾನವಾಯಿತು, ಗೋಡೆ ಯಾವುದು ಅನ್ನುವುದೊಂದೇ ಬಾಕಿ, ಊಟದ ಹೊತ್ತಿಗೆ ಅದೂ ಮುಗಿಯಬೇಕು. ಚಿಲಕ ಇರಲ್ಲ, ನಿಜ ಮೇಡಂ, ನಮ್ಮ ಮನೆಗಳಲ್ಲಿ ಚಿಲಕ ಇಲ್ಲ, ಔಷಧಿ ಇಲ್ಲ, ಫೋನ್ ಸಿಗುವುದಿಲ್ಲ, ಇಲ್ಲದ್ದನ್ನೆಲ್ಲ ಸಂಸ್ಕೃತಿ ಅಂದುಬಿಟ್ಟರೆ ಕೊಡುವವರಿಗೆ ಎಷ್ಟು ಹಗುರ, ಮೊದಲನೇ ವರ್ಷ ದವಡೆ ಮುರಿದುಕೊಂಡು ಬಂದವಳು ಬಚ್ಚಲುಮನೆಯ ಚಿಲಕ ಕಂಡು ಅರ್ಧ ದಿನ ಅಲ್ಲೇ ಕೂತಿದ್ದಳು, ಹಾಕುವುದು ತೆಗೆಯುವುದು ಹಾಕುವುದು ತೆಗೆಯುವುದು, ಹೊಟ್ಟೆ ಕೆಟ್ಟಿದೆಯೇನೋ ಎಂದು ನಾವು ಹೊರಗೆ ನಿಂತು ನಕ್ಕೆವು, ಅವಳೂ ನಗಲು ಹೋದಳು, ದವಡೆ ಬಿಡಲಿಲ್ಲ.

ಈಗಿರುವುದೂ ತಡಿಕೆಯ ಮನೆಯೇ, ಒಳಗೆ ಏಳು ಜನ, ಒಬ್ಬಳ ಕಿವಿ ಓಲೆಯ ಸಮೇತ ಹರಿದಿದೆ, ಒಬ್ಬಳ ಬೆನ್ನ ಮೇಲೆ ಉರಿಯುವ ಸೌದೆಯಿಂದ ಹೊಡೆದ ಬರೆ, ಮತ್ತೆ ಸಣ್ಣಿ, ಕಡ್ಡಿಯಂಥ ಹುಡುಗಿ, ಆರು ತಿಂಗಳ ಬಸುರಿ, ನಿನ್ನೆ ಬೆಳಿಗ್ಗೆ ಅವಳ ಗಂಡ ಬಂದ, ಕೂಗಲಿಲ್ಲ, ಬೈಯಲಿಲ್ಲ, ಹೊರಗಿನಿಂದ ಗೋಡೆಯ ಮೇಲೆ ಅಂಗೈಯಿಂದ ಬಡಿದು ನೋಡಿದ, ಕುಂಬಳಕಾಯಿ ಬಲಿತಿದೆಯೇ ಎಂದು ನೋಡುವ ಹಾಗೆ, ಮೂರು ಕಡೆ, ಆಮೇಲೆ ಹೊರಟುಹೋದ, ಸಣ್ಣಿ ಆ ಸದ್ದು ಬಂದ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಜರುಗಿ ಜರುಗಿ ಕೊನೆಗೆ ನಡುಮನೆಯಲ್ಲಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು, ಅಕ್ಕಾ ಅವ್ನು ಮೆತ್ತಗಿರೋ ಜಾಗ ಹುಡುಕ್ತಿದಾನೆ ಅಂದಳು, ಸುಮ್ನಿರು ನಾನಿದೀನಲ್ಲ ಅಂದೆ, ನಾನಿದ್ದು ಏನು ಕಡಿದು ಕಟ್ಟೆಹಾಕಿದ್ದೇನೆ, ಆವತ್ತೂ ನಾನಿದ್ದೆ. ಒಂಬತ್ತು ವರ್ಷ ನನಗೆ, ಮಟಮಟ ಮಧ್ಯಾಹ್ನ, ಅವ್ವ ಸೌದೆಗೆ ಹೋಗಿದ್ದಾಳೆ, ತುಟಿ ಸೀಳಿಸಿಕೊಂಡು ಗಂಡನ ಮನೆಯಿಂದ ಓಡಿಬಂದ ಅಕ್ಕ ಜ್ವರದಲ್ಲಿ ಮಲಗಿದ್ದಾಳೆ, ಪಕ್ಕದಲ್ಲಿ ನಾನು, ತಡಿಕೆಯ ಸಂದುಗಳಿಂದ ಬಿಸಿಲು ಪಟ್ಟೆ ಪಟ್ಟೆಯಾಗಿ ಅಕ್ಕನ ಹೊಟ್ಟೆಯ ಮೇಲೆ ಬಿದ್ದಿದೆ, ಒಂದು ಪಟ್ಟೆ ಅಳಿಸಿಹೋಯಿತು, ಇನ್ನೊಂದು ಅಳಿಸಿಹೋಯಿತು, ಹೊರಗೆ ಯಾರೋ ನಡೆಯುತ್ತಿದ್ದಾರೆ, ನಿಂತರು, ಬಿದಿರು ಮುರಿದ ಸದ್ದು, ಕೈ ಒಳಗೆ ಬಂತು, ಮೊಳಕೈವರೆಗೆ, ಸಿಬಿರು ಹೊಕ್ಕು ರಕ್ತ ಇಳಿಯುತ್ತಿದೆ, ಭಾವನ ಕೈ, ಮದುವೆಯಾದ ವರ್ಷ ಅಪ್ಪನ ಜೊತೆ ಕೂತು ಇದೇ ಗೋಡೆ ಹೆಣೆದ ಕೈ, ಎಲ್ಲಿ ಎಳೆದರೆ ಎಲ್ಲಿ ಬಿಚ್ಚುತ್ತದೆಂದು ಅದಕ್ಕೆ ಗೊತ್ತು, ಬೆರಳುಗಳು ತಡವುತ್ತಿವೆ, ಅಕ್ಕನ ಕೂದಲು ಸಿಕ್ಕಿತು, ಹಗ್ಗ ಸುತ್ತಿದ ಹಾಗೆ ಮುಷ್ಟಿಗೆ ಸುತ್ತಿಕೊಂಡಿತು, ಎಳೆಯಿತು, ತಲೆ ಗೋಡೆಗೆ ಬಡಿಯಿತು, ಮತ್ತೆ ಎಳೆಯಿತು, ಗೋಡೆ ಒಡೆದದ್ದು ಅಕ್ಕನ ತಲೆಯಿಂದಲೇ, ಆ ಕಿಂಡಿಯಲ್ಲಿ ಭುಜ ಹೋಯಿತು, ಸೊಂಟ ಹೋಯಿತು, ಹಿಮ್ಮಡಿ ಹೋಯಿತು, ಹೊರಗೆ ಕಲ್ಲು ಬಡಿದ ಸದ್ದು, ನಾಲ್ಕು ಸಲ ಒಣ ಸದ್ದು, ಐದನೆಯದು ಒದ್ದೆ. ಇಳಿಜಾರಿನಲ್ಲಿ ಕಾಲು ಜಾರಿ ಬಿದ್ದಳು ಎಂದು ಪೊಲೀಸರು ಬರೆದುಕೊಂಡರು, ನಮ್ಮವ್ರಲ್ಲಿ ಹೆಂಗಸರ ಮೈಮೇಲೆ ಯಾರೂ ಕೈ ಮಾಡಲ್ಲ ಅಂತ ಹಾಡಿಯ ಹಿರಿಯರು ಹೇಳಿದರು, ನೀನೆಲ್ಲಿದ್ದೆ ಮಗಾ ಅಂತ ಅವ್ವ ಕೇಳಿದಳು, ಹಳ್ಳದ ಹತ್ರ ಅಂದೆ, ಮೂವತ್ತೊಂದು ವರ್ಷದಿಂದ ನಾನು ಹಳ್ಳದ ಹತ್ತಿರವೇ ಇದ್ದೇನೆ.

ಅಮ್ಮಾ, ನಿಮ್ಮನ್ನೇ ಕೇಳ್ತಿರೋದು, ಅಧ್ಯಕ್ಷರು, ಕನ್ನಡಕ ಮೂಗಿನ ತುದಿಗೆ ಬಂದಿದೆ, ಹಣ ಇಲ್ಲ ಅಂತಲ್ಲ, ಇಟ್ಟಿಗೆಗೆ ಖರ್ಚು ನಾಲ್ಕರಷ್ಟು, ಕಾರಣ ಇಲ್ದೆ ಮಂಜೂರು ಮಾಡಿದ್ರೆ ನನ್ನ ಕುತ್ತಿಗೆಗೆ ಬರತ್ತೆ, ತಡಿಕೆ ಮುರಿದು ಒಳಗೆ ಬಂದು ಯಾರಿಗಾದ್ರೂ ಏನಾದ್ರೂ ಮಾಡಿದ್ದು ಒಂದಾದ್ರೂ ಇದ್ಯಾ. ಇದೆ ಸಾರ್, ನನ್ನ ದನಿಯೇ, ಮೇಡಂ ಪೆನ್ಸಿಲ್ ಕೆಳಗಿಟ್ಟರು. ದಾಖಲೆ ಇದ್ಯಾ, ಅಧ್ಯಕ್ಷರು ಕೇಳಿದರು. ಇಲ್ಲ ಸಾರ್, ಜಾರಿ ಬಿದ್ದಳು ಅಂತ ಬರೆದಿದಾರೆ. ಹಾಗಾದ್ರೆ ನೋಡಿದವ್ರು. ನೋಡಿದವ್ರು — ಗುಮಾಸ್ತೆ ಪೆನ್ನು ಬಿಚ್ಚಿ ಕಾಯುತ್ತಿದ್ದಾಳೆ, ನಡಾವಳಿಯನ್ನು ಹಾಡಿಯಲ್ಲಿ ಎಲ್ಲರ ಮುಂದೆ ಓದಿ ಹೇಳಬೇಕೆಂಬುದು ಇವರದೇ ನಿಯಮ, ಓದುವಾಗ ಅವ್ವ ಮುಂದಿನ ಸಾಲಿನಲ್ಲಿ ಕೂರುತ್ತಾಳೆ, ಕಣ್ಣು ಮಂಜಾಗಿದೆ, ಕಿವಿ ಚುರುಕು, ಬೇಡ, ತಡಿಕೆಗೆ ಹ್ಞೂಂ ಅಂದುಬಿಡು, ರುಜು ಹಾಕು, ಊಟ ಮಾಡು, ಬಸ್ಸು ಹತ್ತು, ಸಣ್ಣಿ ಬಾಗಿಲಲ್ಲೇ ಕೇಳುತ್ತಾಳೆ ಅಕ್ಕಾ ಯಾವ ಗೋಡೆ, ಏನು ಹೇಳಲಿ, ಅವಳ ಮುಂದೆ ನಿಂತು ಸಂಸ್ಕೃತಿ ಅನ್ನಲೇ. ನಾನು ಸಾರ್, ನೋಡಿದ್ದು ನಾನು. ಏನೇನು ನೋಡಿದ್ರಿ, ಮೊದಲಿಂದ ಹೇಳಿ, ನಿಧಾನಕ್ಕೆ, ಅವರು ಬರ್ಕೋತಾರೆ. ಮೊದಲಿಂದ, ನನಗೆ ನಾನೇ ಹೇಳಿಕೊಳ್ಳುವಾಗಲೂ ಶುರುಮಾಡುವುದು ಅಕ್ಕನ ಕೂದಲಿನಿಂದ, ಈಗಲೂ ಅಲ್ಲಿಂದಲೇ ಹೇಳಬಹುದು, ಯಾರಿಗೆ ಗೊತ್ತಾಗುತ್ತದೆ, ಗೋಡೆ ಸಿಕ್ಕರೆ ಸಾಕಲ್ಲ, ಆದರೆ ಅದಕ್ಕಿಂತ ಮುಂಚೆ ಒಂದಿದೆ, ಗೋಡೆಯ ಪಕ್ಕ ಮಲಗಿದ್ದವಳು ನಾನು, ಆ ಕೈ ನನ್ನ ಹಣೆ ಮುಟ್ಟಿತು, ಕಿವಿ ಮುಟ್ಟಿತು, ಜಡೆ ಹಿಡಿಯಿತು, ಎಣ್ಣೆ ಹಚ್ಚಿದ ಜಡೆ, ಜಾರಿತು, ನಾನು ಅಕ್ಕನ ಮೈಮೇಲಿಂದ ಆಚೆಗೆ ಉರುಳಿದೆ, ಅವಳು ಕಣ್ಣು ಬಿಟ್ಟಳು, ನನ್ನ ಹೆಸರು ಹಿಡಿದು ಕರೆದಳು, ಎರಡೂ ಅಂಗಾಲು ಅವಳ ಬೆನ್ನಿಗೆ ಕೊಟ್ಟು — ಸಾರ್, ಆ ಕೈಗೆ ಮೊದಲು ಸಿಕ್ಕಿದ್ದು ನಾನು, ನಾನೇ ನಮ್ಮಕ್ಕನ್ನ ಗೋಡೆ ಕಡೆಗೆ ಒದ್ದು ತಳ್ಳಿದೆ, ಬರ್ಕೊಳ್ಳಮ್ಮ, ಹಾಗೇ ಬರ್ಕೋ. ಪೆನ್ನು ಓಡುತ್ತಿಲ್ಲ, ಇಟ್ಟಿಗೆ ಗೋಡೆ ಇದ್ದಲ್ಲೇ ಇದೆ, ಅದರಲ್ಲಿ ಒಂದು ಕೈ, ಮೊಳಕೈವರೆಗೆ ಒಳಗೆ, ಬೆರಳು ಬಿಚ್ಚಿಕೊಂಡು, ತಡವುತ್ತಾ, ತಡವುತ್ತಾ —