ಕಾವಿಗೆ ಎರಡು ಕಾಲುವೆ

ಮಳೆ ಹಿಡಿದು ವಾರವಾಗಿತ್ತು, ಗದ್ದೆಗಳಲ್ಲಿ ನಾಟಿ ನಡೆದಿತ್ತು. ನೀರುಗಂಟಿ ಮಂಡಿಯವರೆಗಿನ ಕೆಸರಿನಲ್ಲಿ ನಿಂತು, ಗುದ್ದಲಿಯಿಂದ ಒಂದು ಮಡೆಯ ಬಾಯಿ ಕಟ್ಟಿ ಇನ್ನೊಂದರ ಬಾಯಿ ಬಿಡಿಸುತ್ತಿದ್ದ. ಕಾಲುವೆ ನೀರನ್ನು ಗದ್ದೆ ಗದ್ದೆಗೆ ಹಂಚುವುದೇ ಅವನ ಕಸುಬು. ಹೆಂಡತಿ ಬದುವಿನ ಮೇಲೆ ಜಾರುತ್ತ ಏಳುತ್ತ ಬಂದಳು.

"ರೀ, ಇನ್ವರ್ಟರ್ ಕೂಗ್ಕೊಳ್ತಿದೆ. ಬ್ಯಾಟರಿ ತಳ ಕಾಣ್ತಿದೆ."

ಗಾಳಿಗೆ ಕಂಬ ಉರುಳಿ ನಿನ್ನೆಯಿಂದ ಲೈನಿರಲಿಲ್ಲ. ಮಾಡಿನ ಮೇಲಿನ ಸೋಲಾರ್ ಹಲಗೆಗಳು ಬಿಸಿಲಿನ ಮುಖ ಕಂಡಿರಲಿಲ್ಲ. ಬ್ಯಾಟರಿಯಲ್ಲಿದ್ದುದನ್ನೆಲ್ಲ ಹಿಂದಿನ ಕೋಣೆಯ ಕಾವುಪೆಟ್ಟಿಗೆ ಹೀರುತ್ತಿತ್ತು. ಪೆಟ್ಟಿಗೆ ತುಂಬ ನೆರೆಹೊರೆಯವರ ಮೊಟ್ಟೆ. ಅವಳು ಮರಿ ಮಾಡಿಸಿ ಅರ್ಧ ಅವರಿಗೆ ಹಿಂದಿರುಗಿಸಬೇಕು, ಉಳಿದರ್ಧ ಅವಳದು. ಅವಳು ತಾನಾಗಿ ಕೈಹಾಕಿದ್ದ ಮೊದಲ ಕೆಲಸ ಇದು. ನಾಳೆಯೋ ನಾಡಿದ್ದೋ ಓಡು ಒಡೆಯಬೇಕು. ಕಿವಿಗೊಟ್ಟರೆ ಮೊಟ್ಟೆಗಳೊಳಗಿಂದ ಚಿಂವ್ ಚಿಂವ್ ಕೇಳುತ್ತಿತ್ತು.

ಅವನು ಅಣ್ಣನ ಮನೆಗೆ ಹೋಗಿ ಜನರೇಟರನ್ನು ಗಾಡಿಯಲ್ಲಿ ಹಾಕಿಸಿಕೊಂಡ.

"ಕೋಳಿ ಪುಕ್ಕಟೆ ಮಾಡೋ ಕೆಲಸಕ್ಕೆ ನೀವು ಎಣ್ಣೆ ಸುರೀತೀರಲ್ಲೋ!" ಎಂದು ಅಣ್ಣ ನಕ್ಕ.

ಲೈನು, ಬ್ಯಾಟರಿ, ಜನರೇಟರು ಮೂರಕ್ಕೂ ಗೋಡೆಯ ಮೇಲೊಂದು ತಿರುಗಿಸುವ ಸ್ವಿಚ್ ಇತ್ತು. ಒಂದು ಹೊತ್ತಿಗೆ ಒಂದನ್ನೇ ಬಿಡುತ್ತಿತ್ತು. ಜನರೇಟರಿನ ಕಡೆ ತಿರುಗಿಸಿದಾಗ ಪೆಟ್ಟಿಗೆಯ ದೀಪ ಹತ್ತಿತು, ಆದರೆ ಮುದುಕನ ಕೆಮ್ಮಿನಂತೆ ಜನರೇಟರು ಮುಗ್ಗರಿಸಿದಾಗಲೆಲ್ಲ ಮಂಕಾಗುತ್ತಿತ್ತು.

"ಬ್ಯಾಟರೀಲಿ ಉಳಿದಿರೋದನ್ನೂ ಇದಕ್ಕೇ ಬಿಡ್ತೀನಿ," ಎಂದ ಅವನು.

"ಒಂದೊಂದೇ ಹಾಕಿ ಅಂದಿದ್ದ, ವೈರಿಂಗ್‌ನವನು."

"ಅವನಿಗೇನು ಗೊತ್ತೇ? ಕಾಲುವೆ ಸೊರಗಿದ್ರೆ ಹಳ್ಳದ ನೀರು ತಿರುಗಿಸ್ಕೊಳ್ಳಲ್ವಾ? ಎರಡು ಸೇರಿ ಕಮ್ಮಿ ಆಗೋದನ್ನ ನಾನಂತೂ ಕಾಣೆ."

ಅವನು ತಿರುಗಿಸಿದ ನೀರು ಎಂದೂ ದಾರಿ ತಪ್ಪಿದ್ದಿಲ್ಲ. ಅವಳು ಹೂಂ ಎಂದು ಟಾರ್ಚ್ ಹಿಡಿದಳು. ಅವನು ಸ್ವಿಚ್ಚನ್ನು ಬದಿಗಿಟ್ಟು, ಇನ್ವರ್ಟರಿನ ತಂತಿಯನ್ನು ನೇರವಾಗಿ ಜನರೇಟರಿನ ತಂತಿಗೆ ಮಡೆ ಕೂಡಿಸುವಷ್ಟೇ ಜೋಪಾನವಾಗಿ ಕೂಡಿಸಿದ.

ಟಪ್ಪೆಂದಿತು. ಇನ್ವರ್ಟರಿನಿಂದ ಹೊಗೆ ಎದ್ದಿತು. ಜನರೇಟರು ಗುಡುಗುಡು ಓಡುತ್ತಲೇ ಇತ್ತು, ಆದರೆ ಅದರಿಂದ ಕರೆಂಟು ಬರಲಿಲ್ಲ.

ಸಂಜೆಗೆ ವೈರಿಂಗ್‌ನವನು ಕೆಸರು ತುಳಿದುಕೊಂಡು ಬಂದ. ಎರಡನ್ನೂ ಬಿಚ್ಚಿ, ಮೂಸಿ ನೋಡಿ, ಮುಚ್ಚಿದ.

"ಇದು ನೀರಲ್ಲಣ್ಣ. ಎರಡು ಕರೆಂಟು ಹೆಜ್ಜೆ ಕೂಡದಿದ್ರೆ ಹೋರಿಗಳ ಹಾಗೆ ಒಂದನ್ನೊಂದು ಗುದ್ದುತ್ತವೆ. ಸೇರಿಸೋದಕ್ಕೆ ಬೇರೆ ಯಂತ್ರವೇ ಬೇಕು."

"ಏನಾದ್ರೂ ಮಾಡೋ ತಮ್ಮಾ," ಎಂದಳು ಅವಳು.

"ಏನು ಮಾಡ್ಲಿ ಅಕ್ಕಾ? ಎರಡೂ ಸುಟ್ಟಿವೆ."

ಬಿಸಿನೀರಿನ ಚೊಂಬುಗಳನ್ನು ಪೆಟ್ಟಿಗೆಯೊಳಗೆ ಇಟ್ಟರು. ಮೇಲೆ ಕಂಬಳಿ ಹೊದಿಸಿದರು. ಚೊಂಬು ಆರುವುದು, ಮತ್ತೆ ಕಾಯಿಸುವುದು, ಸೌದೆಯೂ ಹಸಿ. ಅವಳು ಆಗಾಗ ಕಿವಿಯಿಡುತ್ತಿದ್ದಳು. ಮೊದಲು ಮೂಲೆಯ ಸಾಲು ಸುಮ್ಮನಾಯಿತು, ಆಮೇಲೆ ನಡುವಿನವು. ಬೆಳಗಾಗುವ ಹೊತ್ತಿಗೆ ಅವಳು ಕಿವಿಯಿಡುವುದನ್ನು ಬಿಟ್ಟಿದ್ದಳು.

ಮೊದಲು ಬಂದವಳು ಪಕ್ಕದ ಬೀದಿಯ ದರ್ಜಿ ಅಕ್ಕ, ಬುಟ್ಟಿಯ ತಳಕ್ಕೆ ಬಟ್ಟೆಚೂರು ಹಾಸಿಕೊಂಡು.

"ಒಡೆದ್ವೇನೇ?"

ಹೆಂಡತಿ ಪೆಟ್ಟಿಗೆಯ ಮೇಲಿನ ಕಂಬಳಿ ಮಡಚತೊಡಗಿದಳು. ನೀರುಗಂಟಿಯೇ ಹೇಳಿದ: "ಎಲ್ಲಾ ಹೋದ್ವು ಅಕ್ಕಾ. ನನ್ನ ಕೈಯಿಂದಲೇ. ಮುಂದಿನ ಸಲ..."

"ಮುಂದಿನ ಸಲಕ್ಕೆ ಮೊಟ್ಟೆ ಎಲ್ಲಿಂದ ತರ್ಲಪ್ಪಾ? ಮೊನ್ನೆ ರೋಗ ಬಡಿದು ನನ್ನ ಕೋಳಿ ಒಂದೂ ಉಳೀಲಿಲ್ಲ. ಅಮ್ಮನ ಕಾಲದಿಂದ ಸಾಕಿದ ತಳಿ. ನಿಮ್ಮ ಪೆಟ್ಟಿಗೇಲಾದ್ರೂ ಇದೆಯಲ್ಲಾ ಅಂತಿದ್ದೆ."

"ಅಣ್ಣನ ಮನೇಲಿ ಕೋಳಿ ಇವೆ, ತಂದ್ಕೊಡ್ತೀನಿ."

"ಅವು ಅವಲ್ಲವಲ್ಲ."

ಮಾತಿನಲ್ಲಿ ಸಿಟ್ಟಿರಲಿಲ್ಲ. ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಅವಳು ಹೊರಟಳು. ಹೆಂಡತಿ ಹೊಸ್ತಿಲವರೆಗೆ ಹೋದಳು. ಕೂಗಿ ಕರೆಯಬೇಕೆಂದುಕೊಂಡಳು, ಕರೆದು ಏನು ಕೊಡುವುದೆಂದು ತಿಳಿಯದೆ ಅಲ್ಲೇ ನಿಂತಳು.