ಪಕ್ಕದ ಸೀಟಿನ ಬ್ರೇಕು

ನನ್ನ ಸಿನಿಮಾಕ್ಕೆ ಹೀರೋನೇ ಇಲ್ಲ ಎಂದರು ನಮ್ಮ ಫಿಲ್ಮ್ ಕಾಲೇಜಿನ ಮೇಷ್ಟ್ರು. ನನಗೆ ಮೈಯೆಲ್ಲ ಉರಿದುಹೋಯಿತು. ಸಿನಿಮಾದ ಉದ್ದಕ್ಕೂ ಕಾರು ಓಡಿಸುವುದು ನನ್ನ ತಂಗಿ. ಡ್ರೈವಿಂಗ್ ಕಲಿಸುವವನ ಪಾತ್ರ ಅಪ್ಪನದು, ಅವರ ನಿಜವಾದ ಕಸುಬೂ ಅದೇ. ಹುಡುಗಿಯೊಬ್ಬಳು ಧೈರ್ಯ ಕಲಿಯುವ ಕಥೆ. ಅದರಲ್ಲಿ ಹೀರೋ ಇಲ್ಲವಂತೆ!

"ಯಾರು ಜಾಸ್ತಿ ಹೊತ್ತು ಕಾಣಿಸ್ತಾರೆ ಅನ್ನೋದಲ್ಲಮ್ಮ, ಯಾರು ತೀರ್ಮಾನ ತಗೋತಾರೆ ಅನ್ನೋದು ಮುಖ್ಯ. ಕಥನ ಸಿದ್ಧಾಂತ ಅಂತ ಪರೀಕ್ಷೇಲಿ ಪುಟಗಟ್ಟಲೆ ಬರೆದ್ಯಲ್ಲ, ಅದನ್ನ ನಿನ್ನ ಸಿನಿಮಾಕ್ಕೇ ಹಚ್ಚಿ ನೋಡು," ಎಂದರು.

ಹಚ್ಚಿ ನೋಡಿದೆ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದೆ. ತಿರುವಿನಲ್ಲಿ, ಇಳಿಜಾರಿನಲ್ಲಿ, ಎಲ್ಲಿ ಕಾರು ನಿಂತಿದ್ದರೂ ನಿಲ್ಲಿಸಿದ್ದು ಅಪ್ಪನ ಕಾಲು. ನನ್ನ ತಂಗಿ ಪಾಪ, ಸ್ಟೀರಿಂಗ್ ಹಿಡಿದ ಗೊಂಬೆ. ಸರಿ, ರೋಗ ಗೊತ್ತಾದ ಮೇಲೆ ಮದ್ದಿಗೇನು ಕಷ್ಟ? ಒಂದೇ ಒಂದು ಶಾಟ್ ಸಾಕಿತ್ತು: ಎದುರಿಗೆ ಗೋಡೆ, ಅಪ್ಪ ಕಾಲು ಇಡುವುದಿಲ್ಲ, ತಂಗಿಯೇ ನಿಲ್ಲಿಸುತ್ತಾಳೆ. ಆ ಶಾಟ್ ಸಿಗದಿದ್ದರೆ ನಾನು ಫೇಲು.

ಮರುದಿನ ಡ್ರೈವಿಂಗ್ ಕಲಿಸುವ ಮೈದಾನದಲ್ಲಿ, ಅಪ್ಪನ ಕಾಲು ಕಾಣುವಂತೆ ಕ್ಯಾಮೆರಾವನ್ನು ಟೇಪು ಹಾಕಿ ಕಾರಿನೊಳಗೆ ಬಿಗಿದೆ. ನಾನು ಹಿಂದಿನ ಸೀಟಿನಲ್ಲಿ ಕೂತೆ.

"ಅಪ್ಪ, ಏನೇ ಆಗ್ಲಿ, ಬ್ರೇಕ್ ಮುಟ್ಟಬಾರದು."

"ಮುಟ್ಟಲ್ಲ ಕಣೇ, ಎಷ್ಟು ಸಲ ಹೇಳ್ತೀಯ!"

ಮುಟ್ಟಿದರು. ಎರಡನೇ ಸಲವೂ ಮುಟ್ಟಿದರು. ಮೂರನೇ ಸಲ, "ನಾನಲ್ಲ, ಕಾಲು ತಾನಾಗೇ ಹೋಯ್ತು," ಎಂದರು.

"ಕಾಲನ್ನ ಹಗ್ಗದಲ್ಲಿ ಕಟ್ಟಿಹಾಕ್ಲಾ?" ಎಂದೆ. ತಂಗಿ ಕಿಸಕ್ಕನೆ ನಕ್ಕಳು.

ಮುಂದಿನ ಸಲ ಅಪ್ಪ ಎರಡೂ ಕೈಯಲ್ಲಿ ತೊಡೆಯನ್ನು ಅದುಮಿಕೊಂಡು ಕೂತರು. ಗೋಡೆ ಹತ್ತಿರ ಬಂತು. ಕಾಲು ಅಲ್ಲಾಡಲಿಲ್ಲ. ಗೋಡೆ ಇನ್ನೂ ಹತ್ತಿರ ಬಂತು.

"ಅಪ್ಪಾ, ಬ್ರೇಕ್!" ಎಂದು ಕಿರುಚಿಕೊಂಡೆ.

ಅಪ್ಪ ಒತ್ತಿಯೇಬಿಟ್ಟರು.

ತಂಗಿ ಇಂಜಿನ್ ಆರಿಸಿದಳು. ಈ ಸಲ ನಗಲಿಲ್ಲ.

"ನಾನು ಒತ್ತೋಳೇ ಇದ್ದೆ. ಇಬ್ರೂ ಇಳೀರಿ."

"ಏಯ್, ನನ್ನ ಶಾಟು..."

"ಇಳಿ ಅಂದೆ."

ಇಳಿದೆವು. ಅವಳು ಕಾರನ್ನು ದೂರದವರೆಗೆ ಹಿಂದಕ್ಕೆ ಒಯ್ದು, ಮತ್ತೆ ಗೋಡೆಯತ್ತ ಬಿಟ್ಟಳು. ಒಳಗೆ ಕ್ಯಾಮೆರಾ ಓಡುತ್ತಲೇ ಇತ್ತು. ಅದರ ಮುಂದೆ ಈಗ ಅಪ್ಪನ ಬ್ರೇಕ್ ಒಂದೇ, ಕಾಲಿಲ್ಲ. ಇದಕ್ಕಿಂತ ಒಳ್ಳೆಯ ಶಾಟನ್ನು ನಾನು ಜನ್ಮದಲ್ಲಿ ಬರೆಯಲಾರೆ ಎಂದು ಹೊಳೆದರೂ ಖುಷಿಪಡಲು ಪುರುಸೊತ್ತಿರಲಿಲ್ಲ.

"ಗೋಡೆ ಕಣೇ, ಗೋಡೆ," ಎಂದು ಅಪ್ಪ ನನ್ನ ತೋಳು ಹಿಡಿದುಕೊಂಡರು. ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ನೋಡಿದರೆ, ನನ್ನದೂ.

ಗೋಡೆಗೆ ಮೊಳದಷ್ಟು ದೂರವಿರುವಾಗ ಕಾರು ನಿಂತಿತು. ಅವಳು ಅದನ್ನು ನಿಧಾನಕ್ಕೆ ಹಿಂದೆ ತೆಗೆದು, ಮೈದಾನ ಸುತ್ತಿ ಬಂದು ನಮ್ಮ ಮುಂದೆಯೇ ನಿಲ್ಲಿಸಿದಳು. ಅಪ್ಪ ನಿಟ್ಟುಸಿರು ಬಿಟ್ಟು ಬಾಗಿಲಿಗೆ ಕೈ ಹಾಕಿದರು.

"ಇನ್ನೊಂದು ಸುತ್ತು ಹೋಗ್ಬರ್ತೀನಿ," ಎಂದು ಹೊರಟೇ ಹೋದಳು.